ಮೈದಾನದ ಅಂಚಿನಲ್ಲಿ ನಿಂತವರು



ನಿಮ್ಮಲ್ಲಿ ಕೆಲವರು ಈಗ ಅಮೆರಿಕದಲ್ಲಿ ನೆಲೆಸಿದ್ದೀರಿ. ನಿಮ್ಮ ಮಕ್ಕಳು ಅಲ್ಲಿಯ ಕಾಲೇಜುಗಳಲ್ಲಿ ಓದುತ್ತಿದ್ದಾರೆ. ಆಟದ ದಿನ ಆ ಮಕ್ಕಳು ಮುಖಕ್ಕೆ ಬಣ್ಣ ಬಳಿದುಕೊಂಡು ಗಂಟೆಗಟ್ಟಲೆ ನಿಂತು ಕೂಗುವುದು ಹಿರಿಯರಿಗೆ ಹುಚ್ಚಾಟವೆಂದು ತೋರಬಹುದು. ಆದರೆ ಆ ಕೂಗಿಗೂ ಒಂದು ಇತಿಹಾಸವಿದೆ.

1869ರ ನವೆಂಬರ್ 6ರಂದು ನ್ಯೂಜೆರ್ಸಿಯಲ್ಲಿ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ನಡುವೆ ಅಮೆರಿಕದ ಮೊದಲ ಅಂತರ-ಕಾಲೇಜು ಫುಟ್‌ಬಾಲ್ ಪಂದ್ಯ ನಡೆಯಿತು. ನೋಡಲು ಬಂದವರು ಸುಮಾರು ನೂರು ಮಂದಿ ಮಾತ್ರ. ಪ್ರಿನ್ಸ್‌ಟನ್ನಿನವರು ಒಟ್ಟಾಗಿ ಕೂಗುವ ಪದ್ಧತಿಯನ್ನು ಬೆಳೆಸಿದರು. ಅಲ್ಲಿ ಓದಿದ ಥಾಮಸ್ ಪೀಬಲ್ಸ್ ಎಂಬವರು 1884ರಲ್ಲಿ ಅದನ್ನು ಮಿನ್ನೆಸೋಟ ವಿಶ್ವವಿದ್ಯಾಲಯಕ್ಕೆ ಒಯ್ದರು. 1898ರಲ್ಲಿ ಮಿನ್ನೆಸೋಟ ತಂಡವು ಸೋಲಿನ ಮೇಲೆ ಸೋಲು ಕಂಡು ಕಂಗೆಟ್ಟಿತ್ತು. ಆ ನವೆಂಬರಿನಲ್ಲಿ ಜಾನಿ ಕ್ಯಾಂಪ್‌ಬೆಲ್ ಎಂಬ ವಿದ್ಯಾರ್ಥಿ ಜನರ ಎದುರಿಗೆ ನಿಂತು, ಚದುರಿದ ಕೂಗುಗಳನ್ನು ಒಂದೇ ದನಿಯಾಗಿಸಿದ. ಅವನನ್ನೇ ಮೊದಲ ಚಿಯರ್‌ಲೀಡರ್ ಎಂದು ಹೇಳುವುದು ವಾಡಿಕೆ.

ಇನ್ನೊಂದು ಘಟನೆ 1922ರ ಜನವರಿ 2ರದು, ಡಲ್ಲಾಸ್ ನಗರದ್ದು. ಟೆಕ್ಸಾಸ್ ಎ ಅಂಡ್ ಎಂ ಕಾಲೇಜಿನ ಆಟಗಾರರು ಒಬ್ಬೊಬ್ಬರಾಗಿ ಗಾಯಗೊಂಡರು. ತಂಡವನ್ನು ಬಿಟ್ಟಿದ್ದ ಕಿಂಗ್ ಗಿಲ್ ಎಂಬ ವಿದ್ಯಾರ್ಥಿ ಅಂದು ಪತ್ರಕರ್ತರ ಕೊಠಡಿಯಲ್ಲಿದ್ದ. ತರಬೇತುದಾರರು ಕರೆದೊಡನೆ ಕೆಳಗಿಳಿದು ಬಂದು, ಸಮವಸ್ತ್ರ ತೊಟ್ಟು ಅಂಚಿನಲ್ಲಿ ಸಿದ್ಧನಾಗಿ ನಿಂತ. ಅವನು ಆಡುವ ಸಂದರ್ಭವೇ ಬರಲಿಲ್ಲ. ತಂಡ 22-14ರಿಂದ ಗೆದ್ದಿತು. ಇಂದಿಗೂ ಅಲ್ಲಿಯ ವಿದ್ಯಾರ್ಥಿಗಳು ಪಂದ್ಯದುದ್ದಕ್ಕೂ ಕುಳಿತುಕೊಳ್ಳುವುದಿಲ್ಲ. ಹನ್ನೊಂದು ಜನರ ಆಟದಲ್ಲಿ ತಾವು ಹನ್ನೆರಡನೆಯವರೆಂಬುದು ಅವರ ಭಾವನೆ.

ಶಾಲೆಗಳ ಕ್ರೀಡಾಕೂಟಕ್ಕೆ ಹಾಜರಿ ಪುಸ್ತಕ ಹಿಡಿದು ಮಕ್ಕಳನ್ನು ಸಾಲಾಗಿ ಕರೆದೊಯ್ದವರಲ್ಲಿ ನಾನೂ ಒಬ್ಬ. ಹಾಜರಿ ಮುಗಿದ ಮೇಲೆ ಸಾಲು ಕರಗುತ್ತಿದ್ದುದು ನಿಮಗೇ ಚೆನ್ನಾಗಿ ಗೊತ್ತು! ಉತ್ತರ ಕೆರೊಲಿನಾದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿಯೂ ಹಾಜರಿಯುಂಟು, ಆದರೆ ಅದರ ರೀತಿಯೇ ಬೇರೆ. 1940ರಲ್ಲಿ ತೆರೆದ ಅಲ್ಲಿಯ ಬ್ಯಾಸ್ಕೆಟ್‌ಬಾಲ್ ಕ್ರೀಡಾಂಗಣದಲ್ಲಿ ಅಂಕಣಕ್ಕೆ ತಾಗಿದ ಜಾಗವನ್ನು ವಿದ್ಯಾರ್ಥಿಗಳಿಗೇ ಬಿಟ್ಟಿದ್ದಾರೆ. ಆ ಜಾಗಕ್ಕಾಗಿ 1986ರಿಂದ ವಿದ್ಯಾರ್ಥಿಗಳು ಚಳಿಗಾಲದಲ್ಲಿ ಹೊರಗೆ ಡೇರೆ ಹಾಕಿ ಕಾಯುತ್ತಾರೆ. ಡೇರೆಯಲ್ಲಿ ಜನರಿರುವರೇ ಎಂದು ತಪಾಸಣೆ ಮಾಡುವವರೂ ವಿದ್ಯಾರ್ಥಿಗಳೇ.

ಉತ್ಸಾಹ ಎಲ್ಲೆ ಮೀರುವುದೂ ಉಂಟು. 1984ರ ಜನವರಿಯಲ್ಲಿ ಮೇರಿಲ್ಯಾಂಡ್ ತಂಡದ ವಿರುದ್ಧ ಆಡುವಾಗ ಡ್ಯೂಕ್ ವಿದ್ಯಾರ್ಥಿಗಳ ಕೂಗು ಅಸಭ್ಯವಾಯಿತು. ಆಗಿನ ಅಧ್ಯಕ್ಷ ಟೆರ್ರಿ ಸ್ಯಾನ್‌ಫರ್ಡ್ ಯಾರನ್ನೂ ಹೊರಹಾಕಲಿಲ್ಲ, ಗ್ಯಾಲರಿಯನ್ನು ಮುಚ್ಚಲೂ ಇಲ್ಲ. ವಿದ್ಯಾರ್ಥಿಗಳಿಗೆ ಒಂದು ಪತ್ರ ಬರೆದರು. ಚತುರತೆಯಿಂದ ಕೂಗಿ, ಕೊಳಕು ಮಾತು ಬೇಡವೆಂದು ತಿಳಿಹೇಳಿ, ಕೆಳಗೆ 'ಅಂಕಲ್ ಟೆರ್ರಿ' ಎಂದು ಸಹಿ ಮಾಡಿದರು. ಮುಂದಿನ ಪಂದ್ಯಕ್ಕೆ ಹುಡುಗರು ದೇವದೂತರಂತೆ ತಲೆಯ ಮೇಲೆ ಪ್ರಭಾವಳಿ ಕಟ್ಟಿಕೊಂಡು ಬಂದರು! ತೀರ್ಪುಗಾರರ ನಿರ್ಣಯ ಹಿಡಿಸದಿದ್ದಾಗ ಬೈಗುಳದ ಬದಲು, 'ನಮ್ಮ ಅಭಿಪ್ರಾಯ ಬೇರೆ, ಸ್ವಾಮಿ' ಎಂಬರ್ಥದ ಮಾತನ್ನು ಒಕ್ಕೊರಲಿನಿಂದ ಕೂಗಿದರು. ಗದ್ದಲ ತಗ್ಗಲಿಲ್ಲ, ಅದಕ್ಕೆ ಸಂಸ್ಕಾರ ಬಂದಿತು.

ಮೂವತ್ತು ವರ್ಷಗಳಿಗೂ ಮಿಕ್ಕಿ ಪಾಠ ಹೇಳಿದ ನನಗೆ ಈ ಪತ್ರದ ಪ್ರಸಂಗ ಬಹಳ ಪ್ರಿಯ. ಮಕ್ಕಳು ಕರೆದುದಕ್ಕಾಗಿ ಬರುವುದಿಲ್ಲ. ತಮಗೊಂದು ಪಾಲಿದೆಯೆಂದು ತಿಳಿದಾಗ ಬರುತ್ತಾರೆ. ಬಂದವರು ದಾರಿ ತಪ್ಪಿದರೆ ಮನೆಯ ಹಿರಿಯನಂತೆ ತಿದ್ದಬೇಕು. ನಿಮ್ಮಲ್ಲಿ ಹಲವರು ಇಂದು ಉಪಾಧ್ಯಾಯರು, ಉಪನ್ಯಾಸಕರು. ಮುಂದಿನ ಕ್ರೀಡಾಕೂಟದಲ್ಲಿ ಮುಂದಿನ ಸಾಲಿನ ಕುರ್ಚಿಗಳನ್ನು ಅತಿಥಿಗಳಿಗೆ ಮೀಸಲಿಡುವ ಮೊದಲು ಒಮ್ಮೆ ಮಕ್ಕಳನ್ನು ನೆನೆಯಿರಿ.