ಕಥಾನುರಾಗವೂ ನ್ಯಾಯಾಲಯದ ಖರ್ಚೂ

ಪಂಪನು ಕ್ರಿ. ಶ. ೯೪೧ರಲ್ಲಿ ಭಾರತಕಥೆಯನ್ನು ಕನ್ನಡದಲ್ಲಿ ರಚಿಸಿದಾಗ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮಡದಿಯನ್ನಾಗಿ ಮಾಡಿದನು. ರನ್ನನು ಅದೇ ಕಥೆಯ ಕೊನೆಯ ಭಾಗವನ್ನೆತ್ತಿಕೊಂಡು ಭೀಮನನ್ನು ನಾಯಕನನ್ನಾಗಿ ನಿಲ್ಲಿಸಿದನು. ಕುಮಾರವ್ಯಾಸನು ಅದನ್ನೇ ಕೃಷ್ಣಕಥೆಯಾಗಿ ಹಾಡಿದನು. ಈ ಮೂವರಲ್ಲಿ ಯಾರೂ ಯಾರ ಅಪ್ಪಣೆಯನ್ನೂ ಬೇಡಲಿಲ್ಲ. ಬೇಡಬೇಕೆಂಬ ಭಾವನೆಯೇ ಆ ಕಾಲದಲ್ಲಿ ಇರಲಿಲ್ಲ. ಒಬ್ಬರು ಕಟ್ಟಿದ ಕಥೆಯನ್ನು ಮತ್ತೊಬ್ಬರು ಪ್ರೀತಿಯಿಂದ ಮುಂದುವರಿಸುವುದು ಕವಿಧರ್ಮವೆಂದೇ ಎಣಿಸಲ್ಪಟ್ಟಿತ್ತು.

ಈಗ ಅದೇ ಕಾರ್ಯಕ್ಕೆ ಪಶ್ಚಿಮದೇಶಗಳಲ್ಲಿ ‘ಫ್ಯಾನ್ ಫಿಕ್ಷನ್’ ಎಂದು ಹೆಸರು. ಅಭಿಮಾನಿಕಥನವೆಂದು ನಾವು ಕರೆಯಬಹುದು. ತಾನು ಮೆಚ್ಚಿದ ಗ್ರಂಥದ ಪಾತ್ರಗಳನ್ನೇ ತೆಗೆದುಕೊಂಡು ಓದುಗನು ಹೊಸ ಕಥೆಯನ್ನು ಹೆಣೆಯುವುದು ಇದರ ಲಕ್ಷಣ. ಆದರೆ ಇಂದಿನ ಕಥೆಗಳಿಗೆ ಒಡೆಯರಿದ್ದಾರೆ, ಒಡೆತನಕ್ಕೆ ಕಾನೂನಿದೆ, ಕಾನೂನಿಗೆ ನ್ಯಾಯಾಲಯವಿದೆ. ನ್ಯಾಯಾಲಯವನ್ನು ಹೊಕ್ಕು ಸೋತವನು ಏನನ್ನು ತೆರಬೇಕಾಗುವುದೆಂಬುದನ್ನು ಕೆಲವು ನಿಜವಾದ ವ್ಯಾಜ್ಯಗಳ ಚರಿತ್ರೆಯಿಂದ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಗ್ರಂಥಸ್ವಾಮ್ಯದ ಕಾನೂನು ಹುಟ್ಟುವುದಕ್ಕೆ ಮೊದಲೂ ಜಗಳವಿರಲಿಲ್ಲವೆಂದಲ್ಲ. ಸ್ಪೇನ್ ದೇಶದ ಸರ್ವಾಂಟಿಸನು ೧೬೦೫ರಲ್ಲಿ ‘ಡಾನ್ ಕ್ವಿಕ್ಸೋಟ್’ ಗ್ರಂಥದ ಮೊದಲನೆಯ ಭಾಗವನ್ನು ಪ್ರಕಟಿಸಿದನು. ಅವನು ಎರಡನೆಯ ಭಾಗವನ್ನು ಬರೆಯುತ್ತಿರುವಾಗಲೇ, ೧೬೧೪ರಲ್ಲಿ, ಅವೆಲ್ಲನೇಡ ಎಂಬ ಮಾರುಹೆಸರಿನಿಂದ ಬೇರೊಬ್ಬನು ಅದರ ಉತ್ತರಭಾಗವನ್ನು ಹೊರತಂದನು. ಸರ್ವಾಂಟಿಸನಿಗೆ ಮೊರೆಯಿಡಲು ಇಂದಿನಂತಹ ಕಾನೂನಿರಲಿಲ್ಲ. ಅವನು ಲೇಖನಿಯನ್ನೇ ಆಯುಧವಾಗಿ ಹಿಡಿದನು. ೧೬೧೫ರಲ್ಲಿ ತನ್ನ ಎರಡನೆಯ ಭಾಗವನ್ನು ಪ್ರಕಟಿಸಿ, ಅದರೊಳಗೇ ಆ ಕೃತಕಭಾಗವನ್ನು ಪರಿಹಾಸ್ಯಮಾಡಿದನು. ಕೃತಕಭಾಗದಲ್ಲಿ ನಾಯಕನು ಸರಗೋಸಾ ನಗರಕ್ಕೆ ಹೋಗಿದ್ದನೆಂಬ ಕಾರಣಕ್ಕಾಗಿಯೇ ತನ್ನ ನಾಯಕನನ್ನು ಬಾರ್ಸಿಲೋನಾಕ್ಕೆ ತಿರುಗಿಸಿದನು. ಕೊನೆಗೆ, ಮತ್ತಾರೂ ಅವನನ್ನು ಎಳೆದಾಡದಿರಲೆಂದು, ನಾಯಕನಿಗೆ ಮರಣವನ್ನೇ ವಿಧಿಸಿದನು. ಆ ವ್ಯಾಜ್ಯದಲ್ಲಿ ವಕೀಲರ ಖರ್ಚು ಯಾರಿಗೂ ಬೀಳಲಿಲ್ಲ. ಸಾಹಿತ್ಯಕ್ಕೆ ಲಾಭವೇ ಆಯಿತು.

೧೭೧೦ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಹೊಸ ಗ್ರಂಥಗಳ ಮುದ್ರಣದ ಹಕ್ಕನ್ನು ಹದಿನಾಲ್ಕು ವರ್ಷಗಳವರೆಗೆ ಗ್ರಂಥಕರ್ತನಿಗೆ ಕೊಟ್ಟಿತು; ಆಮೇಲೆ ಅವನು ಬದುಕಿದ್ದರೆ ಇನ್ನೂ ಹದಿನಾಲ್ಕು ವರ್ಷ. ಅಲ್ಲಿಂದೀಚೆಗೆ ಅವಧಿಯೂ ಬೆಳೆಯಿತು, ಹಕ್ಕಿನ ವ್ಯಾಪ್ತಿಯೂ ಬೆಳೆಯಿತು. ಮೊದಲು ಅಚ್ಚಿಗೆ ಮಾತ್ರ ಇದ್ದ ಬೇಲಿಯು ಕ್ರಮೇಣ ನಾಟಕ, ಅನುವಾದ, ರೂಪಾಂತರಗಳನ್ನು ಸುತ್ತುವರಿದು, ಕಡೆಗೆ ಪಾತ್ರಗಳನ್ನೂ ಒಳಗೊಂಡಿತು.

ಅಮೆರಿಕದ ಒಂದು ಮೊಕದ್ದಮೆಯು ಇದನ್ನು ಸ್ಪಷ್ಟಪಡಿಸಿತು. ೧೯೮೨ರಲ್ಲಿ ತಿಮೊಥಿ ಆಂಡರ್‌ಸನ್ ಎಂಬ ಲೇಖಕರು ‘ರಾಕಿ’ ಚಲಚ್ಚಿತ್ರಗಳ ಪಾತ್ರಗಳನ್ನಿಟ್ಟುಕೊಂಡು ಮುಂದಿನ ಚಿತ್ರಕ್ಕಾಗಿ ೩೧ ಪುಟಗಳ ಕಥಾರೂಪವನ್ನು ಬರೆದರು. ೧೯೮೫ರಲ್ಲಿ ನಾಲ್ಕನೆಯ ‘ರಾಕಿ’ ಚಿತ್ರವು ಬಂದಾಗ, ತಮ್ಮ ಕಥೆಯನ್ನು ಅಪಹರಿಸಿದರೆಂದು ದಾವೆ ಹೂಡಿದರು. ೧೯೮೯ರಲ್ಲಿ ನ್ಯಾಯಾಲಯವು, ಅಪ್ಪಣೆಯಿಲ್ಲದೆ ಪರರ ಪಾತ್ರಗಳ ಮೇಲೆ ಕಟ್ಟಿದ ಕೃತಿಗೆ ಕಾನೂನಿನ ರಕ್ಷಣೆಯೇ ಇಲ್ಲವೆಂದು ತೀರ್ಮಾನಿಸಿತು. ಪರರ ನೆಲದಲ್ಲಿ ಮನೆ ಕಟ್ಟಿದವನು ಆ ಮನೆಯ ಒಡೆತನವನ್ನು ಸಾಧಿಸಲಾರನೆಂಬುದೇ ಇದರ ತಾತ್ಪರ್ಯ.

ಈ ತೀರ್ಪನ್ನು ಮರೆತವರಿಗೆ ಮುಂದೆ ಹೆಚ್ಚಿನ ಬೆಲೆ ಬಿದ್ದಿತು. ಟೋಲ್ಕಿನ್ನರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ೧೯೫೪-೫೫ರಲ್ಲಿ ಪ್ರಕಟವಾದ ಗ್ರಂಥ. ಅದರ ಅಭಿಮಾನಿಗಳಾದ ಡಿಮಿಟ್ರಿಯಸ್ ಪಾಲಿಕ್ರಾನ್ ಎಂಬುವರು ಅದಕ್ಕೆ ಉತ್ತರಕಥೆಯೊಂದನ್ನು ಬರೆದು ೨೦೨೨ರ ಸೆಪ್ಟೆಂಬರಿನಲ್ಲಿ ಮಾರಾಟಕ್ಕೆ ತಂದರು. ಅದೇ ತಿಂಗಳು ಅಮೆಜಾನ್ ಸಂಸ್ಥೆಯವರು ಟೋಲ್ಕಿನ್ನರ ಲೋಕವನ್ನಾಧರಿಸಿದ ಧಾರಾವಾಹಿಯನ್ನು ಆರಂಭಿಸಿದರು. ೨೦೨೩ರ ಏಪ್ರಿಲಿನಲ್ಲಿ ಪಾಲಿಕ್ರಾನರು, ಆ ಧಾರಾವಾಹಿಯು ತಮ್ಮ ಗ್ರಂಥದ ನಕಲೆಂದು ಅಮೆಜಾನಿನ ಮೇಲೂ ಟೋಲ್ಕಿನ್ನರ ಹಕ್ಕುದಾರರ ಮೇಲೂ ಇಪ್ಪತ್ತೈದು ಕೋಟಿ ಡಾಲರುಗಳ ದಾವೆಯನ್ನು ಹಾಕಿದರು! ಹಕ್ಕುದಾರರೂ ಪ್ರತಿಯಾಗಿ ಬೇರೆ ದಾವೆಯನ್ನು ಹಾಕಿದರು. ಆಗಸ್ಟಿನಲ್ಲಿ ಪಾಲಿಕ್ರಾನರ ದಾವೆಯು ವಜಾ ಆಯಿತು. ಡಿಸೆಂಬರಿನಲ್ಲಿ ನ್ಯಾಯಾಲಯವು ಅವರು ಎದುರು ಪಕ್ಷಗಳ ವಕೀಲರ ಖರ್ಚೆಂದು ಸುಮಾರು ೧,೩೪,೦೦೦ ಡಾಲರುಗಳನ್ನು ಕೊಡಬೇಕೆಂದೂ, ಗ್ರಂಥವನ್ನು ಇನ್ನೆಂದಿಗೂ ಹರಡಕೂಡದೆಂದೂ, ಅದರ ಎಲ್ಲಾ ಪ್ರತಿಗಳನ್ನು ನಾಶಪಡಿಸಬೇಕೆಂದೂ ಆಜ್ಞಾಪಿಸಿತು.

ಹಣವು ಹೋದರೆ ಮತ್ತೆ ಗಳಿಸಬಹುದು. ತಾನು ಬರೆದ ಗ್ರಂಥವನ್ನು ತಾನೇ ಅಳಿಸಬೇಕಾಗಿ ಬರುವುದು ಬರಹಗಾರನಿಗೆ ಅದಕ್ಕಿಂತಲೂ ದೊಡ್ಡ ದಂಡ. ಆದರೂ ಒಂದು ವಿವೇಚನೆ ಅವಶ್ಯಕ. ಪ್ರೀತಿಯಿಂದ ಬರೆದು, ಹಣವನ್ನು ಬಯಸದೆ, ಒಬ್ಬರಿಗೊಬ್ಬರು ಓದಿಸಿ ಸಂತೋಷಪಡುವ ಅಭಿಮಾನಿಗಳು ಅಸಂಖ್ಯಾತರಿದ್ದಾರೆ. ಕಾನೂನಿನ ಅಕ್ಷರವನ್ನು ಹಿಡಿದರೆ ಅವರೂ ನಿರಾತಂಕರಲ್ಲ. ಆದರೆ ಅವರನ್ನು ನ್ಯಾಯಾಲಯಕ್ಕೆ ಎಳೆಯುವ ಒಡೆಯರು ವಿರಳ. ಪಾಲಿಕ್ರಾನರಾದರೋ ಮಾರಾಟಕ್ಕೂ ಇಳಿದರು, ಒಡೆಯರ ಮೇಲೆಯೇ ಒಡೆತನವನ್ನೂ ಸಾಧಿಸಹೊರಟರು.

ಅಮೆರಿಕದಲ್ಲಿ ಸಾಮಾನ್ಯವಾಗಿ ಗೆದ್ದವನೂ ಸೋತವನೂ ತಂತಮ್ಮ ವಕೀಲರ ಖರ್ಚನ್ನು ತಾವೇ ಹೊರಬೇಕು. ಗ್ರಂಥಸ್ವಾಮ್ಯದ ೧೯೭೬ರ ಕಾನೂನು ಇದಕ್ಕೊಂದು ಅಪವಾದ; ಗೆದ್ದವನ ಖರ್ಚನ್ನು ಸೋತವನಿಂದ ಕೊಡಿಸುವ ಅಧಿಕಾರ ನ್ಯಾಯಾಧೀಶರಿಗಿದೆ. ವಾದಿಗೂ ಪ್ರತಿವಾದಿಗೂ ಅಳತೆಗೋಲು ಒಂದೇ ಇರಬೇಕೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ೧೯೯೪ರಲ್ಲಿ ವಿಧಿಸಿತು. ಆದುದರಿಂದ ಈ ಕತ್ತಿಗೆ ಎರಡು ಅಲಗು.

ಎರಡನೆಯ ಅಲಗಿನ ಏಟನ್ನು ತಿಂದವರು ಷರ್ಲಾಕ್ ಹೋಮ್ಸನ ಒಡೆಯರು. ಕಾನನ್ ಡಾಯಿಲನು ಬರೆದ ಅರವತ್ತು ಕಥೆಗಳಲ್ಲಿ ಕೊನೆಯ ಹತ್ತಕ್ಕೆ ಮಾತ್ರ ಅಮೆರಿಕದಲ್ಲಿ ಆಗ ಸ್ವಾಮ್ಯವು ಉಳಿದಿದ್ದಿತು. ಆದರೂ ಹೋಮ್ಸನನ್ನು ಕುರಿತು ಹೊಸ ಕಥೆಗಳನ್ನು ಪ್ರಕಟಿಸುವವರಿಂದ ಡಾಯಿಲನ ಹಕ್ಕುದಾರರು ಹಣವನ್ನು ಕೇಳುತ್ತಿದ್ದರು; ಒಂದು ಸಂಕಲನಕ್ಕಾಗಿ ಪ್ರಕಾಶಕರು ೫,೦೦೦ ಡಾಲರುಗಳನ್ನು ತೆತ್ತೂ ಇದ್ದರು. ಸಂಪಾದಕರಲ್ಲೊಬ್ಬರಾದ ಲೆಸ್ಲಿ ಕ್ಲಿಂಗರರು ಸ್ವತಃ ವಕೀಲರು. ಎರಡನೆಯ ಸಂಕಲನಕ್ಕೂ ಹಣ ಕೇಳಿದಾಗ ಅವರು ೨೦೧೩ರಲ್ಲಿ ದಾವೆ ಹೂಡಿದರು. ೨೦೧೪ರಲ್ಲಿ ಮೇಲ್ಮನವಿಯಲ್ಲಿಯೂ ಅವರೇ ಗೆದ್ದರು; ಆ ಮೇಲ್ಮನವಿಯ ಖರ್ಚೆಂದು ೩೦,೬೭೯ ಡಾಲರುಗಳನ್ನು ಹಕ್ಕುದಾರರು ತೆರಬೇಕಾಯಿತು. ನ್ಯಾಯಾಧೀಶ ಪೋಸ್ನರರು ಆಗ ಮರ್ಮವೊಂದನ್ನು ಬಯಲಿಗಿಟ್ಟರು: ಕೇಳುವ ಹಣವು ಅಲ್ಪ, ವ್ಯಾಜ್ಯದ ಖರ್ಚು ಅಪಾರ, ಆದುದರಿಂದ ಹಕ್ಕಿಲ್ಲದಿದ್ದರೂ ಜನರು ಹಣ ಕೊಟ್ಟು ಸುಮ್ಮನಾಗುವರೆಂಬುದೇ ಆ ಹಕ್ಕುದಾರರ ಲೆಕ್ಕಾಚಾರವಾಗಿದ್ದಿತು.

ನಮ್ಮ ದೇಶದಲ್ಲಿಯೂ ಇಂತಹ ಪಾಠವುಂಟು. ಆರ್. ಜಿ. ಆನಂದರು ತಮ್ಮ ನಾಟಕವನ್ನು ೧೯೫೬ರ ‘ನ್ಯೂ ಡೆಲ್ಲಿ’ ಚಿತ್ರವು ಅಪಹರಿಸಿತೆಂದು ದಾವೆ ಹಾಕಿ, ಕೆಳಗಿನ ನ್ಯಾಯಾಲಯದಲ್ಲಿಯೂ ದೆಹಲಿಯ ಹೈಕೋರ್ಟಿನಲ್ಲಿಯೂ, ೧೯೭೮ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿಯೂ ಸೋತರು. ಕಲ್ಪನೆಗೆ ಸ್ವಾಮ್ಯವಿಲ್ಲ, ಅದನ್ನು ತಾಳಿದ ರೂಪಕ್ಕೆ ಮಾತ್ರ ಸ್ವಾಮ್ಯವೆಂಬ ತತ್ವವು ದೇಶಕ್ಕೆ ದೊರೆಯಿತು. ಚಿತ್ರವು ಬಂದು ಇಪ್ಪತ್ತೆರಡು ವರ್ಷಗಳು ಸಂದಿದ್ದುವು.

‘ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ’ ಎಂಬ ಗಾದೆ ನಮ್ಮಲ್ಲಿ ಬಳಕೆಯಲ್ಲಿದೆ. ಪುಸ್ತಕದಲ್ಲಿರುವ ಕಾನೂನಿಗಿಂತಲೂ ಖರ್ಚಿನ ಭಯವೇ ಹೆಚ್ಚಾಗಿ ಬರಹಗಾರರನ್ನು ಆಳುತ್ತದೆಂಬುದಕ್ಕೆ ಮೇಲಿನ ಚರಿತ್ರೆಯೇ ಸಾಕ್ಷಿ. ಆ ಭಯವು ದುರಾಶೆಯನ್ನು ತಡೆಯುವಷ್ಟೇ ಸುಲಭವಾಗಿ ನ್ಯಾಯವಾದ ಬರವಣಿಗೆಯನ್ನೂ ತಡೆಯಬಲ್ಲದು. ಆದುದರಿಂದ ನಮ್ಮ ಮನೆಗಳ ತರುಣ ಲೇಖಕರು ಎರಡು ಸಂಗತಿಗಳನ್ನು ತಿಳಿದಿರುವುದು ಒಳ್ಳೆಯದು: ಪರರ ಪಾತ್ರಗಳ ಮೇಲೆ ಪ್ರೀತಿಯಿರಬಹುದು, ಒಡೆತನವು ಸಲ್ಲದು, ಒಡೆತನಕ್ಕಾದರೂ ಒಂದು ಅಂತ್ಯವಿದೆ. ಭಾರತದಲ್ಲಿ ಗ್ರಂಥಕರ್ತನು ತೀರಿದ ಮೇಲೆ ಅರವತ್ತು ವರ್ಷಗಳು ಸ್ವಾಮ್ಯದ ಅವಧಿ. ಟೋಲ್ಕಿನ್ನರು ೧೯೭೩ರಲ್ಲಿ ತೀರಿಕೊಂಡರು. ಅವರ ಜೀವಿತಕಾಲದಲ್ಲಿ ಪ್ರಕಟವಾದ ಕಥೆಗಳು, ಈಗಿನ ಕಾನೂನು ಹೀಗೆಯೇ ಇದ್ದರೆ, ೨೦೩೪ರ ಮೊದಲನೆಯ ದಿನ ನಮ್ಮ ದೇಶದಲ್ಲಿ ಎಲ್ಲರ ಸೊತ್ತಾಗುವುವು. ಅಂದು ಕನ್ನಡದ ಕವಿಯೊಬ್ಬನು ಪಂಪನಂತೆ ಧೈರ್ಯವಾಗಿ ಅವನ್ನು ತನ್ನ ರೀತಿಯಲ್ಲಿ ಹೇಳಬಹುದು. ಅಲ್ಲಿಯವರೆಗೆ ಕಾದಿರುವುದು ವ್ಯಾಜ್ಯಕ್ಕಿಂತ ಅಗ್ಗ.