ಔಷಧ ನಿರೋಧಕ ಕ್ಷಯರೋಗ: ಶೀಘ್ರ ಆಣ್ವಿಕ ಪರೀಕ್ಷೆಯ ಬಗ್ಗೆ ಸಾರ್ವಜನಿಕರಿಗೆ ಮಾಹಿತಿ

ಕ್ಷಯರೋಗವು ಮೈಕೋಬ್ಯಾಕ್ಟೀರಿಯಂ ಟ್ಯುಬರ್ಕ್ಯುಲೋಸಿಸ್ ಎಂಬ ರೋಗಾಣುವಿನಿಂದ ಉಂಟಾಗುವ, ಗಾಳಿಯ ಮೂಲಕ ಹರಡುವ ಕಾಯಿಲೆಯಾಗಿರುತ್ತದೆ. ಸಾಮಾನ್ಯ ಕ್ಷಯವು ಆರು ತಿಂಗಳ ಕ್ರಮಬದ್ಧ ಚಿಕಿತ್ಸೆಯಿಂದ ಗುಣವಾಗುತ್ತದೆ. ಆದರೆ ಕೆಲವು ರೋಗಿಗಳಲ್ಲಿರುವ ರೋಗಾಣುಗಳು ಈ ಚಿಕಿತ್ಸೆಯ ಪ್ರಮುಖ ಔಷಧಗಳಿಗೆ ಬಗ್ಗುವುದಿಲ್ಲ. ರಿಫಾಂಪಿಸಿನ್ ಮತ್ತು ಐಸೋನಿಯಾಜಿಡ್ ಎರಡಕ್ಕೂ ಬಗ್ಗದ ಕ್ಷಯವನ್ನು ಬಹು ಔಷಧ ನಿರೋಧಕ ಕ್ಷಯ ಅಥವಾ ಎಂ.ಡಿ.ಆರ್. ಟಿ.ಬಿ. ಎಂದು ಕರೆಯಲಾಗುತ್ತದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟವರಿಗೆ ಮಾತ್ರ ಇದು ಬರುತ್ತದೆಂಬ ಭಾವನೆ ಜನರಲ್ಲಿದ್ದು, ಅದು ಸರಿಯಲ್ಲ. ಇಂತಹ ರೋಗಿಯಿಂದ ಸೋಂಕು ತಗುಲಿ ಕಾಯಿಲೆ ಬಿದ್ದವರಿಗೆ, ಹಿಂದೆ ಒಂದು ಮಾತ್ರೆಯನ್ನೂ ನುಂಗಿರದಿದ್ದರೂ, ಮೊದಲ ದಿನದಿಂದಲೇ ನಿರೋಧಕ ಕ್ಷಯವೇ ಇರುತ್ತದೆ.

ಪರೀಕ್ಷೆಯ ಅಗತ್ಯ

ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಹಳೆಯ ಪದ್ಧತಿಯಲ್ಲಿ ರೋಗಾಣು ಕಾಣಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ ಅವು ಸುಮಾರು 5,000ದಿಂದ 10,000 ಇರಬೇಕು. ಕಂಡರೂ, ಅವು ಯಾವ ಔಷಧಕ್ಕೆ ಬಗ್ಗುತ್ತವೆ ಎಂಬುದು ತಿಳಿಯದು. ಅದಕ್ಕಾಗಿ ರೋಗಾಣುವನ್ನು ಪ್ರಯೋಗಾಲಯದಲ್ಲಿ ಬೆಳೆಸುವ ಕಲ್ಚರ್ ಪರೀಕ್ಷೆ ಬೇಕು. ಇದರ ಫಲಿತಾಂಶಕ್ಕೆ ದ್ರವ ಮಾಧ್ಯಮದಲ್ಲಿ 6 ವಾರ, ಘನ ಮಾಧ್ಯಮದಲ್ಲಿ 8 ವಾರಗಳವರೆಗೆ ಕಾಯಬೇಕಾಗುತ್ತದೆ. ಅಷ್ಟು ದಿನವೂ ರೋಗಿಯು ತನಗೆ ನಾಟದ ಮಾತ್ರೆಗಳನ್ನು ತಪ್ಪದೆ ನುಂಗುತ್ತಾ, ಮನೆಮಂದಿಯೊಡನೆ ಒಂದೇ ಕೋಣೆಯಲ್ಲಿ ಮಲಗುತ್ತಿದ್ದುದು ಸಾಮಾನ್ಯವಾಗಿತ್ತು. ಆಣ್ವಿಕ ಪರೀಕ್ಷೆಯು ತಪ್ಪಿಸುವುದು ಮುಖ್ಯವಾಗಿ ಈ ಕಾಯುವಿಕೆಯನ್ನು.

ಪರೀಕ್ಷೆಯ ವಿಧಾನ

ಈ ಪರೀಕ್ಷೆಯಲ್ಲಿ ರೋಗಾಣುವನ್ನು ಬೆಳೆಸುವುದಿಲ್ಲ. ಅದರ ವಂಶವಾಹಿಯನ್ನೇ ಗುರುತಿಸಲಾಗುತ್ತದೆ. ರಿಫಾಂಪಿಸಿನ್‌ಗೆ ಬಗ್ಗದ ರೋಗಾಣುಗಳ ಪೈಕಿ ಸುಮಾರು ಶೇ. 95ರಷ್ಟರಲ್ಲಿ ಬದಲಾವಣೆಯು ಆರ್‌ಪಿಒಬಿ ಎಂಬ ವಂಶವಾಹಿಯ ಒಂದು ಚಿಕ್ಕ ಭಾಗದಲ್ಲಿಯೇ ಇರುವುದರಿಂದ, ಅಷ್ಟನ್ನು ಪರಿಶೀಲಿಸಿದರೆ ಸಾಕಾಗುತ್ತದೆ. ನಮ್ಮ ದೇಶದಲ್ಲಿ ಸಿಬಿನ್ಯಾಟ್ ಎಂದು ಹೆಸರಾದ ಯಂತ್ರದ ಪರೀಕ್ಷೆಯನ್ನು ವಿಶ್ವ ಆರೋಗ್ಯ ಸಂಸ್ಥೆಯು 2010ರ ಡಿಸೆಂಬರ್‌ನಲ್ಲಿ ಅನುಮೋದಿಸಿತು. ಕಫವನ್ನು ಕಾರ್ಟ್ರಿಜ್‌ಗೆ ಹಾಕಿ ಯಂತ್ರದಲ್ಲಿಟ್ಟ ಎರಡು ಗಂಟೆಯೊಳಗೆ ಫಲಿತಾಂಶ ದೊರೆಯುತ್ತದೆ. ಇದಕ್ಕೆ ನಿರಂತರ ವಿದ್ಯುತ್ ಹಾಗೂ ಹವಾನಿಯಂತ್ರಿತ ಕೊಠಡಿ ಬೇಕಾಗುವುದು ಒಂದು ತೊಡಕು. ಬೆಂಗಳೂರಿನ ಬಿಗ್‌ಟೆಕ್ ಸಂಸ್ಥೆಯಲ್ಲಿ ರೂಪುಗೊಂಡು ಗೋವಾದ ಮೋಲ್‌ಬಯೋ ಸಂಸ್ಥೆಯಿಂದ ತಯಾರಾಗುವ ಟ್ರೂನ್ಯಾಟ್ ಯಂತ್ರವು ಬ್ಯಾಟರಿಯಿಂದಲೂ ನಡೆಯುವುದರಿಂದ ತಾಲ್ಲೂಕು ಹಾಗೂ ಅದಕ್ಕೂ ಕೆಳಗಿನ ಹಂತದ ಆರೋಗ್ಯ ಕೇಂದ್ರಗಳಿಗೆ ಅನುಕೂಲವಾಗಿದೆ. ಇದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಅನುಮೋದನೆ ದೊರೆತದ್ದು 2020ರಲ್ಲಿ.

ಪರೀಕ್ಷೆ ಪಡೆಯುವುದು ಹೇಗೆ

ಎರಡು ವಾರಕ್ಕೂ ಮೀರಿದ ಕೆಮ್ಮು, ಜ್ವರ, ತೂಕ ಇಳಿಯುವುದು, ರಾತ್ರಿ ಬೆವರುವುದು, ಕಫದಲ್ಲಿ ರಕ್ತ ಇವುಗಳಲ್ಲಿ ಯಾವುದೇ ಲಕ್ಷಣವಿದ್ದವರು ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ತೆರಳತಕ್ಕದ್ದು. ರೋಗಿಯು ಪ್ರತ್ಯೇಕ ಅರ್ಜಿ ಸಲ್ಲಿಸುವ ಅಗತ್ಯವಿಲ್ಲ. ಕೋರಿಕೆ ನಮೂನೆಯನ್ನು ಕೇಂದ್ರದಲ್ಲಿಯೇ ಭರ್ತಿ ಮಾಡಲಾಗುತ್ತದೆ. ರಾಷ್ಟ್ರೀಯ ಕ್ಷಯರೋಗ ನಿರ್ಮೂಲನಾ ಕಾರ್ಯಕ್ರಮದಡಿ ಪರೀಕ್ಷೆ ಸಂಪೂರ್ಣ ಉಚಿತವಾಗಿದ್ದು, ಖಾಸಗಿ ವೈದ್ಯರಲ್ಲಿ ಚಿಕಿತ್ಸೆ ಪಡೆಯುತ್ತಿರುವವರಿಗೂ ಈ ಸೌಲಭ್ಯ ಉಂಟು. ಹಿಂದೆ ಕ್ಷಯಕ್ಕೆ ಚಿಕಿತ್ಸೆ ಪಡೆದಿದ್ದಲ್ಲಿ ಅಥವಾ ಮನೆಯಲ್ಲಿ ನಿರೋಧಕ ಕ್ಷಯದ ರೋಗಿ ಇದ್ದಲ್ಲಿ ಅದನ್ನು ಸಂಕೋಚಪಡದೆ ತಿಳಿಸಬೇಕು. ಮುಚ್ಚಿಟ್ಟರೆ ನಷ್ಟ ರೋಗಿಗೇ.

ಫಲಿತಾಂಶದ ಗುಣಮಟ್ಟ ಬಹುಮಟ್ಟಿಗೆ ಕಫವನ್ನು ಅವಲಂಬಿಸಿದೆ. ಉಗುಳನ್ನು ಕೊಟ್ಟು ಹೋದರೆ ಎಷ್ಟೇ ಉತ್ತಮ ಯಂತ್ರವಿದ್ದರೂ ಪ್ರಯೋಜನವಿಲ್ಲ. ನೀರಿನಿಂದ ಬಾಯಿ ಮುಕ್ಕಳಿಸಿ, ತೆರೆದ ಜಾಗದಲ್ಲಿ ಇತರರಿಂದ ದೂರ ನಿಂತು, ದೀರ್ಘವಾಗಿ ಉಸಿರೆಳೆದು, ಎದೆಯಾಳದಿಂದ ಕೆಮ್ಮಿ ತೆಗೆದ ಕಫವನ್ನೇ ಡಬ್ಬಿಗೆ ಹಾಕಬೇಕು. ಬೆಳಿಗ್ಗೆ ಎದ್ದೊಡನೆ ಬರುವ ಕಫ ಉತ್ತಮ. ಕಫ ತೆಗೆಯಲಾರದ ಮಕ್ಕಳಿಗೆ ಜಠರದ ದ್ರವವನ್ನು, ಗಂಟಿನ ಕ್ಷಯವಿದ್ದವರಿಗೆ ಗಂಟಿನಿಂದ ತೆಗೆದ ಮಾದರಿಯನ್ನು ಬಳಸಲಾಗುತ್ತದೆ. ರಕ್ತ ಪರೀಕ್ಷೆಯಿಂದ ಕ್ಷಯರೋಗ ಪತ್ತೆ ಮಾಡುವುದಾಗಿ ಹೇಳುತ್ತಿದ್ದ ಸೀರಂ ಪರೀಕ್ಷೆಗಳನ್ನು ಕೇಂದ್ರ ಸರ್ಕಾರವು 2012ರಲ್ಲಿಯೇ ನಿಷೇಧಿಸಿದೆ. ಅದಕ್ಕಾಗಿ ಯಾರೂ ಹಣ ತೆರಬಾರದು.

ವರದಿಯನ್ನು ಓದುವ ಬಗೆ

“ಕ್ಷಯ ರೋಗಾಣು ಪತ್ತೆಯಾಗಿದೆ, ರಿಫಾಂಪಿಸಿನ್ ನಿರೋಧ ಪತ್ತೆಯಾಗಿಲ್ಲ” ಎಂದು ಬಂದಲ್ಲಿ ಸಾಮಾನ್ಯ ಚಿಕಿತ್ಸೆ ಆರಂಭವಾಗುತ್ತದೆ. ಆದರೆ ಎಲ್ಲ ಔಷಧಗಳೂ ನಾಟುತ್ತವೆ ಎಂಬುದು ಈ ಸಾಲಿನ ಅರ್ಥವಲ್ಲ. ಸದರಿ ಪರೀಕ್ಷೆಯು ರಿಫಾಂಪಿಸಿನ್ ಒಂದನ್ನೇ ನೋಡುತ್ತದೆ. ಐಸೋನಿಯಾಜಿಡ್ ನಿರೋಧವನ್ನು ತಿಳಿಯಲು ಲೈನ್ ಪ್ರೋಬ್ ಅಸ್ಸೇ ಎಂಬ ಮತ್ತೊಂದು ಆಣ್ವಿಕ ಪರೀಕ್ಷೆ ಇದ್ದು, ಎರಡನೆಯ ಮಾದರಿಯನ್ನು ಕೇಳುವುದು ಇಂತಹ ಕಾರಣಕ್ಕೇ. ಮತ್ತೆ ಕಫ ಕೇಳಿದರೆಂದು ಬೇಸರಿಸಿ ಹಿಂದಿರುಗುವುದು ಸಲ್ಲದು.

“ನಿರೋಧ ಪತ್ತೆಯಾಗಿದೆ” ಎಂದು ಬಂದಲ್ಲಿ ರೋಗಿಯನ್ನು ಔಷಧ ನಿರೋಧಕ ಕ್ಷಯ ಕೇಂದ್ರಕ್ಕೆ ಕಳುಹಿಸಲಾಗುತ್ತದೆ. ಹೊಸ ರೋಗಿಗಳಲ್ಲಿ ಖಚಿತಪಡಿಸಿಕೊಳ್ಳಲು ಪರೀಕ್ಷೆಯನ್ನು ಪುನಃ ಮಾಡುವುದುಂಟು. ಈ ವರದಿಯಿಂದ ಧೃತಿಗೆಡಬೇಕಾಗಿಲ್ಲ. ಮೊದಲು 20 ತಿಂಗಳವರೆಗೂ ನಡೆಯುತ್ತಿದ್ದ ಚಿಕಿತ್ಸೆಗೆ ಬದಲಾಗಿ, ಬೆಡಾಕ್ವಿಲಿನ್, ಪ್ರಿಟೊಮಾನಿಡ್, ಲಿನೆಜೊಲಿಡ್ ಮತ್ತು ಮಾಕ್ಸಿಫ್ಲಾಕ್ಸಾಸಿನ್ ಒಳಗೊಂಡ ಆರು ತಿಂಗಳ ಚಿಕಿತ್ಸೆಗೆ ಕೇಂದ್ರ ಆರೋಗ್ಯ ಸಚಿವಾಲಯವು 2024ರ ಸೆಪ್ಟೆಂಬರ್‌ನಲ್ಲಿ ಅನುಮೋದನೆ ನೀಡಿದೆ. ಇದು ಯಾರಿಗೆ ಸೂಕ್ತವೆಂಬುದನ್ನು ವೈದ್ಯರು ನಿರ್ಧರಿಸುತ್ತಾರೆ.

“ಅನಿರ್ಧಾರಿತ” ಅಥವಾ “ದೋಷ” ಎಂಬ ವರದಿಯು ರೋಗವಿಲ್ಲವೆಂಬ ಪ್ರಮಾಣಪತ್ರವಲ್ಲ. ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಬೇಕು. ಸತ್ತ ರೋಗಾಣುಗಳ ವಂಶವಾಹಿಯನ್ನೂ ಯಂತ್ರವು ಗುರುತಿಸುವುದರಿಂದ, ಚಿಕಿತ್ಸೆ ಫಲಿಸುತ್ತಿದೆಯೇ ಎಂದು ತಿಳಿಯಲು ಈ ಪರೀಕ್ಷೆಯನ್ನು ಬಳಸುವುದಿಲ್ಲ. ಅದಕ್ಕೆ ಸೂಕ್ಷ್ಮದರ್ಶಕ ಮತ್ತು ಕಲ್ಚರ್ ಪರೀಕ್ಷೆಗಳೇ ಇಂದಿಗೂ ಆಧಾರ.

ಇತರ ಸೌಲಭ್ಯ

ಕ್ಷಯರೋಗಿಗಳಿಗೆ ನಿಕ್ಷಯ್ ಪೋಷಣ್ ಯೋಜನೆಯಡಿ 2018ರ ಏಪ್ರಿಲ್‌ನಿಂದ ಮಾಸಿಕ ರೂ. 500 ನೀಡಲಾಗುತ್ತಿದ್ದು, 2024ರ ನವೆಂಬರ್ 1ರಿಂದ ಇದನ್ನು ರೂ. 1,000ಕ್ಕೆ ಹೆಚ್ಚಿಸಲಾಗಿದೆ. ಮೊತ್ತವು ನೇರವಾಗಿ ಬ್ಯಾಂಕ್ ಖಾತೆಗೆ ಜಮೆಯಾಗುವುದರಿಂದ ಚಿಕಿತ್ಸೆ ಆರಂಭವಾದಾಗ ಖಾತೆಯ ವಿವರವನ್ನು ಆರೋಗ್ಯ ಸಿಬ್ಬಂದಿಗೆ ಒದಗಿಸಬೇಕು. ಹೆಚ್ಚಿನ ವಿವರಗಳಿಗೆ ಆಶಾ ಕಾರ್ಯಕರ್ತೆಯರನ್ನು, ಜಿಲ್ಲಾ ಕ್ಷಯರೋಗ ಕೇಂದ್ರವನ್ನು ಅಥವಾ ಉಚಿತ ಸಹಾಯವಾಣಿ 1800-11-6666 ಅನ್ನು ಸಂಪರ್ಕಿಸಬಹುದಾಗಿದೆ.