ಪಾಲಕರ ಪಾಲು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ನಾಲ್ಕು ಹೆಸರು ಒಟ್ಟಿಗೆ ಕೇಳಿದಾಗಲೆಲ್ಲ ನನಗೆ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯ 2002ರ ವರದಿ ನೆನಪಾಗುತ್ತದೆ. ರಾಜ್ಯದ 114 ತಾಲ್ಲೂಕುಗಳು ಹಿಂದುಳಿದಿವೆಯೆಂದು ಎಣಿಸಿದ ಆ ವರದಿ ಈ ನಾಲ್ಕನ್ನೂ 'ಅತ್ಯಂತ ಹಿಂದುಳಿದ' ಸಾಲಿಗೆ ಸೇರಿಸಿತು. ಇಂಥ ಕಡೆಗೆ ಹೆಚ್ಚಿನ ಹಣ ಹರಿಯಬೇಕೆಂದಿತು.

ಈ ಹಿಂದುಳಿಕೆ ಹಳೆಯದು. 1956ರ ವರೆಗೆ ಈ ಸೀಮೆ ಮುಂಬಯಿಗೆ ಸೇರಿತ್ತು. ಅಲ್ಲಿ ವಿಠ್ಠಲಭಾಯಿ ಪಟೇಲರು 1918ರಲ್ಲಿ ತಂದ ಕಡ್ಡಾಯ ಶಿಕ್ಷಣದ ಕಾಯಿದೆ ಪುರಸಭೆಗಳ ಗಡಿ ದಾಟಲಿಲ್ಲ. ಹಳ್ಳಿಗಳು 1923ರ ಕಾಯಿದೆಗೆ ಕಾಯಬೇಕಾಯಿತು. ಆಗ ಪಾಲಕರಿಗೆ ಇದ್ದದ್ದು ಮಗುವನ್ನು ಕಳಿಸುವ ಹೊಣೆ. ಶಾಲೆಯ ಲೆಕ್ಕ ಕೇಳುವ ಹಕ್ಕಲ್ಲ.

ಆ ಹಕ್ಕನ್ನು ಖಚಿತಪಡಿಸಿದ್ದು 2009ರ ಶಿಕ್ಷಣ ಹಕ್ಕು ಕಾಯಿದೆ. ಸರಕಾರಿ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಶಾಲೆಯ ಅಭಿವೃದ್ಧಿ ಯೋಜನೆಯನ್ನು ಅವರೇ ಸಿದ್ಧಪಡಿಸಬೇಕು, ಅನುದಾನದ ಖರ್ಚಿನ ಮೇಲೆ ಅವರೇ ಕಣ್ಣಿಡಬೇಕು.

ಆದರೆ ಮಳೆ ಕೈಕೊಟ್ಟ ವರ್ಷ ಇಲ್ಲಿಯ ಕೂಲಿಕಾರರು ಗೋವೆಗೆ, ಮಹಾರಾಷ್ಟ್ರಕ್ಕೆ ಗುಳೆ ಹೋಗುತ್ತಾರೆ. ಲೆಕ್ಕ ಕೇಳಬೇಕಾದವರೇ ಊರಲ್ಲಿಲ್ಲದಾಗ ಹಕ್ಕು ಯಾರ ಕೈಯಲ್ಲಿ ಉಳಿದೀತು? ಹಣ ಕೊಡುವವರು ಇನ್ನೊಂದು ಕೆಲಸವನ್ನೂ ಮಾಡಬೇಕೆಂದು ನನಗನ್ನಿಸುತ್ತದೆ. ಸಮಿತಿಯ ಸಭೆಯನ್ನು ಗುಳೆ ಹೋದವರು ಊರಿಗೆ ಮರಳುವ ದಿನ ನೋಡಿ ಗೊತ್ತುಮಾಡಬೇಕು.